ಎರಡು ಚಮಚ ನೀರು

ಮಾರ್ಚ್ 3, ಸೋಮವಾರ

ನಾಳೆ ಹೃದಯದ ಆಪರೇಷನ್ನಿಗೆ ಎರಡು ಮಕ್ಕಳು. ಮೊದಲು ಒಂಬತ್ತೂವರೆ ಕಿಲೋ ತೂಗುವ ಒಂದೂವರೆ ವರ್ಷದ ಹುಡುಗಿ, ಆಮೇಲೆ ನಾಲ್ಕು ಕಿಲೋ ಇನ್ನೂರು ಗ್ರಾಮಿನ ಐದು ತಿಂಗಳ ಗಂಡು. ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ನಾನು ಯಂತ್ರದ ಮುಂದೆ ಸ್ಟೂಲು ಎಳೆದುಕೊಂಡು ಪಟ್ಟಿ ಬರೆಯಲು ಕೂತೆ. ಹದಿನಾರು ವರ್ಷದ ಅಭ್ಯಾಸ ಇದು. ಗಾಯಕ್ಕೆ ಅಂಟಿಸುವ ಬಿಳಿ ಟೇಪು ಹರಿದು, ಮಗುವಿನ ತೂಕಕ್ಕೆ ಲೆಕ್ಕ ಹಾಕಿದ ವೇಗವನ್ನು ಅದರ ಮೇಲೆ ಬರೆದು, ಆಯಾ ಪಂಪಿನ ಪಕ್ಕ ಅಂಟಿಸುವುದು. ದೊಡ್ಡ ಪಂಪಿನ ಪಟ್ಟಿ ಕಣ್ಣೆದುರಿಗೇ ಇರುತ್ತದೆ. ಫಿಲ್ಟರಿನ ಸಣ್ಣ ಪಂಪು ಕೆಳಗೆ, ಮೊಣಕಾಲಿನ ಮಟ್ಟದಲ್ಲಿ. ಅದರ ಪಟ್ಟಿ ಅಲ್ಲೇ. ಹುಡುಗಿಗೆ ಫಿಲ್ಟರಿನ ವೇಗ ನಿಮಿಷಕ್ಕೆ ನೂರ ಇಪ್ಪತ್ತು ಮಿಲಿ. ಗಂಡು ಮಗುವಿಗೆ ಐವತ್ತು, ಅದನ್ನು ನಾಳೆ ಮಧ್ಯಾಹ್ನ ಬದಲಾಯಿಸಿದರಾಯಿತು.

ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ನಾವೆಲ್ಲ ನಿದ್ದೆಯಮ್ಮ ಎಂದು ಹೆಸರಿಟ್ಟಿದ್ದೇವೆ. ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟವರು ನನ್ನನ್ನು ನೋಡಿ ನಿಂತರು. "ನಿನ್ನ ಹಣೆಗೂ ಒಂದು ಪಟ್ಟಿ ಅಂಟಿಸ್ಕೋ. ಹೆಸರು ಮರೆತುಬಿಟ್ಟೀಯ."

"ಮರೆಯೋರು ಪಟ್ಟಿ ಅಂಟಿಸಲ್ಲ ಡಾಕ್ಟ್ರೇ. ಅದಕ್ಕೇ ಮರೀತಾರೆ" ಎಂದೆ. ನಕ್ಕುಕೊಂಡು ಹೋದರು. ಇಂಥ ಮಾತಿಗೆ ನಾನು ಸೋಲುವವಳಲ್ಲ.

ಹೊರಡುವ ಮುಂಚೆ ವಾರ್ಡಿಗೆ ಹೋಗಿ ಎರಡೂ ಮಕ್ಕಳನ್ನು ನೋಡಿ ಬಂದೆ. ಇದು ನನ್ನ ಕೆಲಸವಲ್ಲ, ಯಾರೂ ಹೇಳಿಯೂ ಇಲ್ಲ. ಆದರೆ ನಾಳೆ ಯಾರ ರಕ್ತ ನನ್ನ ಕೊಳವೆಗಳಲ್ಲಿ ಓಡಾಡುತ್ತದೋ ಅವರ ಮುಖ ನೋಡದೆ ನನಗೆ ಸಮಾಧಾನವಿಲ್ಲ. ಹುಡುಗಿ ಒಂದೆರಡು ಸಲ ಕೆಮ್ಮಿದಳು. ಗಂಡು ಮಗು ಹುಬ್ಬು ಗಂಟಿಕ್ಕಿಕೊಂಡು, ಫ್ಯಾನಿನ ಮೇಲೆ ಏನೋ ದೂರು ಇರುವವನ ಹಾಗೆ ಛಾವಣಿ ನೋಡುತ್ತಿದ್ದ. ಮುನಿಸಪ್ಪ ಎಂದು ಹೆಸರಿಟ್ಟೆ. ಅವನ ತಾಯಿಗೆ ಇಪ್ಪತ್ತೆರಡಿರಬಹುದು. ನನ್ನನ್ನು ನೋಡಿ ಎದ್ದು ನಿಂತಳು.

"ನೀವು ರಕ್ತ ಸೋಸ್ತೀರಂತೆ, ನರ್ಸಮ್ಮ ಹೇಳಿದ್ರು. ಯಾಕೆ ಮೇಡಂ, ಇವನ ರಕ್ತ ಕೆಟ್ಟಿದೆಯಾ?"

"ಕೆಟ್ಟಿಲ್ಲ ಕಣಮ್ಮಾ. ಹೃದಯ ನಿಲ್ಲಿಸಿ ತೂತು ಮುಚ್ಚೋವಾಗ ಅದರ ಕೆಲಸ ನನ್ನ ಯಂತ್ರ ಮಾಡುತ್ತೆ. ಗಾಳಿ ಹೋಗಬಾರದು ಅಂತ ಯಂತ್ರದ ಕೊಳವೆಗೆಲ್ಲ ಮೊದಲೇ ನೀರಿನಂಥದ್ದು ತುಂಬಿಸಿರ್ತೀವಿ. ಇವನ ಮೈಯಲ್ಲಿರೋ ರಕ್ತ ಒಟ್ಟು ಮೂರು ಟೀ ಲೋಟ. ಅಷ್ಟು ನೀರು ಬೆರೆತರೆ ತೆಳ್ಳಗಾಗುತ್ತೆ, ಮಗು ಊದಿಕೊಳ್ಳುತ್ತೆ. ಅದಕ್ಕೆ ಎಲ್ಲಾ ಮುಗಿದ ಮೇಲೆ ಕಾಲು ಗಂಟೆ ರಕ್ತಾನ ಫಿಲ್ಟರಲ್ಲಿ ಹಾಯಿಸಿ, ಹೆಚ್ಚಿನ ನೀರು ತೆಗೆದು, ವಾಪಸು ಕೊಡ್ತೀನಿ."

ಅವಳು ಮಗುವನ್ನು ಮೇಲಿಂದ ಕೆಳಗೆ ನೋಡಿದಳು. "ಮೂರೇ ಲೋಟಾನಾ? ಚೆಲ್ಲಬೇಡಿ ಮೇಡಂ."

"ಇಷ್ಟು ವರ್ಷದಲ್ಲಿ ಒಂದು ಚಮಚ ಚೆಲ್ಲಿಲ್ಲ" ಎಂದೆ. ಜಂಬದ ಮಾತೇ, ಆದರೆ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಮನೆಯಲ್ಲಿ ಅಣ್ಣ ಪತ್ರಿಕೆ ಹರಡಿಕೊಂಡು, ಕೆಂಪು ಪೆನ್ಸಿಲು ಹಿಡಿದು ಕೂತಿದ್ದ. ಮೂವತ್ತೊಂದು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು. ನಿವೃತ್ತಿಯಾದರೂ ಕೈ ಸುಮ್ಮನಿರುವುದಿಲ್ಲ. ಇಂದು ಹನ್ನೊಂದು ತಪ್ಪು ಸಿಕ್ಕಿವೆಯಂತೆ. ಇಡೀ ದಿನಕ್ಕೆ ಅವನಿಗೆ ಅಷ್ಟು ಖುಷಿ ಸಾಕು.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯೇ ಎಲ್ಲ ತಲೆಕೆಳಗು. ಹುಡುಗಿಗೆ ಜ್ವರ ಬಂದು ಅವಳ ಆಪರೇಷನ್ ಮುಂದಕ್ಕೆ ಹೋಯಿತು. ಮುನಿಸಪ್ಪನನ್ನೇ ಮೊದಲು ತರುತ್ತೇವೆಂದು ಏಳೂವರೆಗೆ ಫೋನು. ದೊಡ್ಡ ಪಂಪಿನ ಪಟ್ಟಿ ಕಿತ್ತು ಹೊಸದು ಬರೆದು ಅಂಟಿಸಿದೆ, ಸಣ್ಣ ಕೊಳವೆಗಳನ್ನು ಜೋಡಿಸಿದೆ, ರಕ್ತದ ಚೀಲ ತರಿಸಿದೆ. ಒಂದು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷದಲ್ಲಿ. ಬೇರೆಯವರಾಗಿದ್ದರೆ ಬಾಯಿ ಬಾಯಿ ಬಿಡುತ್ತಿದ್ದರು.

ಗಂಟಲಿಗೆ ಕೊಳವೆ ಹಾಕುವಾಗ ಬಾಯಲ್ಲಿ ಸ್ವಲ್ಪ ನೀರು ಕಂಡಿತು ಎಂದರು ನಿದ್ದೆಯಮ್ಮ. ಹೀರಿ ತೆಗೆದರು. ಒಂದು ಅರ್ಧ ನಿಮಿಷ ಆಮ್ಲಜನಕ ಇಳಿದು ಮತ್ತೆ ಏರಿತು. ದಿನಾ ನೋಡುವಂಥದ್ದೇ. ತೂತು ಮುಚ್ಚಲು ದೊಡ್ಡ ಡಾಕ್ಟರಿಗೆ ನಲವತ್ತು ನಿಮಿಷ ಸಾಕಾಯಿತು. ಹೃದಯ ತಾನಾಗಿಯೇ ಹೊಡೆದುಕೊಳ್ಳತೊಡಗಿತು. ಯಂತ್ರ ನಿಲ್ಲಿಸಿದೆ.

ಆಮೇಲಿನ ಕಾಲು ಗಂಟೆ ನನ್ನದು. ಇದಕ್ಕಾಗಿ ನಾನು ದೊಡ್ಡ ಡಾಕ್ಟರ ಜೊತೆ ಮೂರು ವರ್ಷ ಜಗಳವಾಡಿದ್ದೇನೆ. ಹೊತ್ತು ಹಾಳು ಎನ್ನುತ್ತಿದ್ದವರು, ಸೋಸಿದ ಮಕ್ಕಳು ಊದಿಕೊಳ್ಳದೆ ಬೇಗ ಚೇತರಿಸಿಕೊಳ್ಳುವುದನ್ನು ನೋಡಿ ಬಾಯಿ ಮುಚ್ಚಿಕೊಂಡರು. ಮಾಮೂಲಿಯಾಗಿ ಸೋಸುತ್ತಾ ಹೋದ ಹಾಗೆ ರಕ್ತದೊತ್ತಡ ಏರಬೇಕು. ಇಂದು ಇಳಿಯಿತು.

"ಏನಮ್ಮಾ, ಇವತ್ತು ನಿಮ್ಮ ಫಿಲ್ಟರಿಗೂ ಮುನಿಸಾ?" ಎಂದರು ದೊಡ್ಡವರು.

ಯಂತ್ರದಲ್ಲಿ ಉಳಿದಿದ್ದ ರಕ್ತ ಮೂವತ್ತು ಮಿಲಿ ಕೊಟ್ಟೆ. ಮತ್ತೆ ಮೂವತ್ತು. ಪಂಪಿನ ಸಂಖ್ಯೆಯನ್ನು ಪಟ್ಟಿಯ ಜೊತೆ ತಾಳೆ ನೋಡಿದೆ, ಎರಡೂ ಒಂದೇ. ಹಾಗಾಗಿ ತಲೆ ಕೆಡಿಸಿಕೊಳ್ಳದೆ ಕಾಲು ಗಂಟೆ ಪೂರ್ತಿ ಮಾಡಿದೆ. ಬಾಟಲಿಗೆ ಇಳಿದ ನೀರು ನೋಡಿ ನನಗೇ ಆಶ್ಚರ್ಯ. ಇಷ್ಟು ಸಣ್ಣ ಮಗುವಿನಿಂದ ಇಷ್ಟು ಚೆನ್ನಾಗಿ ಎಂದೂ ಇಳಿದಿರಲಿಲ್ಲ.

ಸಂಜೆ ಕಚ್ಚಾ ಹಾಳೆಯಿಂದ ಫೈಲಿಗೆ ಶುದ್ಧಪ್ರತಿ ಬರೆದೆ. ಫಿಲ್ಟರಿನ ವೇಗದ ಖಾನೆ ಗಡಿಬಿಡಿಯಲ್ಲಿ ಖಾಲಿ ಉಳಿದಿತ್ತು. ತೂಕದಿಂದ ಲೆಕ್ಕ ಹಾಕಿ ಐವತ್ತು ಎಂದು ತುಂಬಿದೆ. ಕಚ್ಚಾ ಹಾಳೆಯ ಮೇಲೆಲ್ಲ ಕಲೆ, ಎಂದಿನಂತೆ ಹರಿದು ಬುಟ್ಟಿಗೆ ಹಾಕಿದೆ.

ಮಾರ್ಚ್ 5, ಬುಧವಾರ

ಹನ್ನೆರಡನೇ ಹಾಸಿಗೆಯಲ್ಲಿ ಮುನಿಸಪ್ಪ ಇನ್ನೂ ಎದ್ದಿಲ್ಲ. ಕೆಲವು ಮಕ್ಕಳು ನಿಧಾನ. ಮೈ ಮಾತ್ರ ಚೂರೂ ಊದಿಲ್ಲ, ರೆಪ್ಪೆ ಕೂಡ ತೆಳ್ಳಗೆ ಇದೆ. ನರ್ಸಮ್ಮನಿಗೆ ತೋರಿಸಿ ಹೇಳಿದೆ, "ನೋಡಿ, ಸೋಸಿದ ಮಗು ಅಂದ್ರೆ ಹೀಗಿರ್ಬೇಕು."

ಮಾರ್ಚ್ 6, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಫಿಟ್ಸ್ ಬಂತು. ಒಂದು ಕೈ, ಆಮೇಲೆ ಎರಡೂ. ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಎರಡೂ ಕಡೆ ರಕ್ತ ಸಾಲದೆ ಪೆಟ್ಟಾಗಿದೆಯಂತೆ. ಬದುಕುತ್ತಾನೆ, ಹೃದಯ ಚೆನ್ನಾಗಿದೆ. ಉಳಿದದ್ದು ಹೇಳಲಾರೆ ಎಂದರು ನರಗಳ ಡಾಕ್ಟರು. ಅವರು ಹಾಗೆ ಹೇಳಿದರೆ ಅರ್ಥವೇನೆಂದು ನಮಗೆಲ್ಲ ಗೊತ್ತು.

ಮಧ್ಯಾಹ್ನ ನರ್ಸಮ್ಮ ತಾಯಿಯ ಹತ್ತಿರ ಕೂತು ಒಂದೊಂದೇ ಕೇಳಿದಳು. ಕೊನೆಗೆ ಆ ತಾಯಿ ಬಾಯಿಬಿಟ್ಟಳಂತೆ. ಆಪರೇಷನ್ ದಿನ ಬೆಳಿಗ್ಗೆ ಮಗು ಅತ್ತೂ ಅತ್ತೂ ಗಂಟಲು ಒಣಗಿಸಿಕೊಂಡಿತ್ತು, ತಡೆಯಲಾರದೆ ಎರಡು ಚಮಚ ನೀರು ಕೊಟ್ಟೆ ಎಂದು. ಸುದ್ದಿ ಅರ್ಧ ಗಂಟೆಯಲ್ಲಿ ಎಲ್ಲ ಕಡೆ ಹಬ್ಬಿತು. ಬಾಯಲ್ಲಿ ಕಂಡ ನೀರು ಇದೇ, ಅದು ಶ್ವಾಸಕೋಶಕ್ಕೆ ಹೋಗಿದೆ, ಆಮ್ಲಜನಕ ಇಳಿದದ್ದು ಅದಕ್ಕೇ. ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳ.

ಎರಡು ಚಮಚ ನೀರಿನಿಂದ, ಅರ್ಧ ನಿಮಿಷದಲ್ಲಿ ಹೀಗೆ ಆಗುವುದಿಲ್ಲ. ಇದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಯಾರೂ ಹೇಳಲಿಲ್ಲ. ನನಗೆ ಮೈ ಉರಿಯಿತು. ಎಲ್ಲ ಒಟ್ಟಾಗಿ ಒಂದು ಬಡಪಾಯಿ ಹೆಣ್ಣಿನ ತಲೆಗೆ ಕಟ್ಟುತ್ತಿದ್ದಾರಲ್ಲ! ನಾಳೆ ಬೆಳಿಗ್ಗೆಯೇ ದೊಡ್ಡವರ ಹತ್ತಿರ ಮಾತಾಡುತ್ತೇನೆ. ಯಾರದೋ ಕೈತಪ್ಪು ಇದ್ದೇ ಇದೆ, ಹುಡುಕಿದರೆ ಸಿಗುತ್ತದೆ. ಹಣೆಗೆ ಅಂಟಿಸಿ ತಲೆಯ ಆಮ್ಲಜನಕ ನೋಡುವ ಯಂತ್ರ ರಿಪೇರಿಗೆ ಹೋಗಿ ಎರಡು ತಿಂಗಳಾಯಿತು, ಅದಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅದನ್ನೂ ಕೇಳುತ್ತೇನೆ.

ಮಾರ್ಚ್ 7, ಶುಕ್ರವಾರ

ನಾನೇ.

ಬೆಳಿಗ್ಗೆ ಯಂತ್ರ ಒರೆಸಲು ಕೆಳಗೆ ಬಗ್ಗಿದೆ. ಸಣ್ಣ ಪಂಪಿನ ಪಕ್ಕ ಪಟ್ಟಿ ಇತ್ತು. ನನ್ನ ಅಕ್ಷರ. ನೂರ ಇಪ್ಪತ್ತು. ಸೋಮವಾರ ಸಂಜೆ ಹುಡುಗಿಗೆಂದು ಅಂಟಿಸಿದ್ದು. ಮಂಗಳವಾರದ ಗಡಿಬಿಡಿಯಲ್ಲಿ ಮೇಲಿನದನ್ನು ಕಿತ್ತೆ, ಕೆಳಗಿನದು ಕಣ್ಣಿಗೆ ಬೀಳಲಿಲ್ಲ.

ಒತ್ತಡ ಇಳಿದಾಗ ನಾನು ನೋಡಿದ್ದು ಈ ಪಟ್ಟಿಯನ್ನೇ. ಪಂಪಿನಲ್ಲಿ ನೂರ ಇಪ್ಪತ್ತು, ಪಟ್ಟಿಯಲ್ಲಿ ನೂರ ಇಪ್ಪತ್ತು, ಸರಿಯಾಗಿದೆ ಎಂದುಕೊಂಡೆ. ಮಗುವಿನ ಮುಖ ನೋಡಿದ್ದರೂ ಸಾಕಿತ್ತು. ಹೃದಯದಿಂದ ಹೊರಡುವ ದೊಡ್ಡ ನಾಳದಿಂದಲೇ ಆ ಪಂಪು ರಕ್ತ ಎಳೆಯುವುದು. ತೂಕಕ್ಕೆ ತಕ್ಕಷ್ಟು ಎಳೆದರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಅದರ ಎರಡೂವರೆ ಪಟ್ಟು ಎಳೆದರೆ, ತಲೆಗೆ ಹೋಗಬೇಕಾದ ರಕ್ತ ನನ್ನ ಫಿಲ್ಟರಿಗೆ ಬರುತ್ತದೆ. ಹದಿನೈದು ನಿಮಿಷ. ಬಾಟಲಿಯಲ್ಲಿ ನೀರು ಎಷ್ಟು ಚೆನ್ನಾಗಿ ಇಳಿಯುತ್ತಿದೆ ಎಂದು ಹಿಗ್ಗುತ್ತಾ ಕೂತಿದ್ದೆ.

ಪಟ್ಟಿ ಕಿತ್ತೆ. ಬೆರಳಿಗೆ ಅಂಟಿಕೊಂಡಿತು. ಈ ಬೆರಳಿನಿಂದ ಆ ಬೆರಳಿಗೆ, ಆ ಬೆರಳಿನಿಂದ ಈ ಬೆರಳಿಗೆ. ಕೊನೆಗೆ ಕಸದ ಚೀಲದ ಅಂಚಿಗೆ ಒರೆಸಿ ಹಾಕಿದೆ. ಹತ್ತಕ್ಕೆ ಚೀಲ ತೆಗೆದುಕೊಂಡು ಹೋದರು.

ದೊಡ್ಡವರ ಹತ್ತಿರ ಮಾತಾಡಲಿಲ್ಲ.

ಮಾರ್ಚ್ 8, ಶನಿವಾರ

ರಜೆ. ಹೊದ್ದು ಮಲಗಿದ್ದೆ. ಅಣ್ಣ ಎರಡು ಸಲ ಟೀ ತಂದಿಟ್ಟ, ಎರಡೂ ಆರಿಹೋದವು.

ಮಾರ್ಚ್ 11, ಮಂಗಳವಾರ

ಲಿಫ್ಟಿನ ಹತ್ತಿರ ಅವಳು ಎದುರಾದಳು. ತಪ್ಪಿಸಿಕೊಳ್ಳಲು ಮೆಟ್ಟಿಲ ಕಡೆ ತಿರುಗಿದೆ, ಅಷ್ಟರಲ್ಲಿ ಕರೆದಳು.

"ಮೇಡಂ, ನೀವು ಒಳಗೇ ಇದ್ರಲ್ಲ. ನಿಜ ಹೇಳಿ. ನೀರಿನಿಂದಾನೇ ಆಗಿದ್ದಾ?"

ಐದು ದಿನಕ್ಕೆ ಅವಳ ಕೆನ್ನೆ ಒಳಗೆ ಹೋಗಿದೆ. ಗಂಡ ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಕೂತಿದ್ದ. ಗುರುವಾರದಿಂದ ಅವಳ ಜೊತೆ ಒಂದು ಮಾತೂ ಆಡಿಲ್ಲವಂತೆ. ಅವಳತ್ತೆ ಬಂದು ನೋಡಿಕೊಂಡು, "ನಿನ್ನ ಕೈಯಾರೆ ಮಾಡಿದೆಯಲ್ಲೇ" ಎಂದು ಎಲ್ಲರೆದುರು ಅಂದು ಹೋದರಂತೆ.

ಹೇಳಬೇಕೆಂದು ಬಾಯಿ ತೆರೆದೆ. "ಅದನ್ನೆಲ್ಲ ದೊಡ್ಡ ಡಾಕ್ಟರ್ ಹೇಳ್ಬೇಕಮ್ಮಾ. ನಾನು ಮೆಷಿನ್ ನೋಡಿಕೊಳ್ಳೋಳು" ಎಂದೆ.

ಅವಳು ತಲೆಯಾಡಿಸಿದಳು. ಮೊದಲ ದಿನ ಮೂರು ಲೋಟ ರಕ್ತದ ಲೆಕ್ಕವನ್ನು ಅಷ್ಟು ಹಿಗ್ಗಿನಿಂದ ಹೇಳಿದವಳು ನಾನೇ ಎಂಬುದು ಅವಳಿಗೆ ನೆನಪಿರಲಿಲ್ಲವೋ, ಇದ್ದೂ ಸುಮ್ಮನಾದಳೋ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಮಾರ್ಚ್ 14, ಶುಕ್ರವಾರ

ಹೇಳಿಬಿಟ್ಟೆ. ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಿಂತೇ ಹೇಳಿದೆ. ಪಟ್ಟಿ, ನೂರ ಇಪ್ಪತ್ತು, ಹದಿನೈದು ನಿಮಿಷ, ಎಲ್ಲ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಪಟ್ಟಿ ಎಲ್ಲಿದೆ?"

"ಬಿಸಾಕಿದೆ ಸರ್."

"ಕಚ್ಚಾ ಹಾಳೆ?"

"ಅವತ್ತೇ ಹರಿದುಹಾಕಿದೆ. ಯಾವಾಗಲೂ ಹಾಗೇ ಅಲ್ವಾ ಸರ್."

ಕಪಾಟಿನಿಂದ ಫೈಲು ತೆಗೆದು ನನ್ನ ಮುಂದೆ ತಿರುಗಿಸಿ ಇಟ್ಟರು. ದುಂಡಗಿನ, ಅಚ್ಚುಕಟ್ಟಾದ ನನ್ನ ಅಕ್ಷರ. ಫಿಲ್ಟರ್ ವೇಗ: ಐವತ್ತು.

"ನೀವು ಹೇಳೋದು ನಿಜಾನೇ ಇರಬಹುದು" ಎಂದರು. "ಆದ್ರೆ ಹೇಳಿ ಏನು ಮಾಡೋಣ? ಆ ಮಗು ಎದ್ದು ಕೂರುತ್ತಾ? ಯಂತ್ರಕ್ಕೆ ಕೂರೋರು ಇಲ್ಲಿ ನೀವೊಬ್ರೇ. ಹೊರಗೆ ಅರವತ್ತು ಮಕ್ಕಳು ಕಾಯ್ತಿದ್ದಾರೆ. ಸೋಮವಾರ ಎರಡಿವೆ. ಕೂರ್ತೀರಾ ಇಲ್ವಾ, ಅಷ್ಟು ಹೇಳಿ."

"ಆ ತಾಯಿ ಸರ್..."

"ಚಿಕ್ಕ ವಯಸ್ಸು ಆಕೆಗೆ. ಇನ್ನೊಂದು ಮಗು ಆಗುತ್ತೆ." ಹೇಳಿದ ಮೇಲೆ ಅವರಿಗೇ ಸರಿಕಾಣಲಿಲ್ಲ, ಕಿಟಕಿ ಕಡೆ ತಿರುಗಿದರು. ಅಲ್ಲಿಂದಲೇ, "ಸದ್ಯಕ್ಕೆ ಕೊನೆಯ ಸೋಸುವಿಕೆ ಬೇಡ. ಕೆಲವು ದಿನ ಅದಿಲ್ಲದೇ ಮಾಡೋಣ" ಎಂದರು.

ಮೂರು ವರ್ಷ ಜಗಳವಾಡಿ ತಂದದ್ದು. "ಆಯ್ತು ಸರ್" ಎಂದು ಹೊರಗೆ ಬಂದೆ.

ಮಾರ್ಚ್ 19, ಬುಧವಾರ

ಇದು ಈ ವಾರದ ಮೂರನೇ ಮಗು, ಸೋಸದೆ. ಏಳು ಕಿಲೋ. ಸಂಜೆಯ ಹೊತ್ತಿಗೆ ಕಣ್ಣು ಮುಚ್ಚಿಹೋಗುವಷ್ಟು ಊದಿಕೊಂಡಿತು. ಎದೆಗೂಡು ಮುಚ್ಚಿದರೆ ಹೃದಯ ಒತ್ತಿದಂತಾಗುತ್ತದೆಂದು ಹಾಗೇ ತೆರೆದಿಟ್ಟು ಮೇಲೆ ತೆಳ್ಳನೆಯ ರಬ್ಬರ್ ಹಾಳೆ ಹೊಲಿದಿದ್ದಾರೆ. ಅದರ ಅಪ್ಪ ಗಾಜಿನಾಚೆಯಿಂದ ನೋಡಿ, ಇದು ನಮ್ಮ ಮಗು ಅಲ್ಲ ಎಂದು ನರ್ಸಮ್ಮನ ಹತ್ತಿರ ವಾದಕ್ಕೆ ನಿಂತ. ಕೈಗೆ ಕಟ್ಟಿದ ಸಂಖ್ಯೆ ತೋರಿಸಿದ ಮೇಲೆ ಸುಮ್ಮನಾದ.

ಫಿಲ್ಟರು ಪೊಟ್ಟಣದಲ್ಲೇ ಇದೆ. ನಾನು ಕೇಳಲಿಲ್ಲ. ಕೇಳುವ ಬಾಯಿ ನನಗೆ ಎಲ್ಲಿದೆ?

ಮಾರ್ಚ್ 25, ಮಂಗಳವಾರ

ಎದೆ ತೆರೆದಿಟ್ಟಿದ್ದ ಮಗುವಿನದು ಭಾನುವಾರ ಮುಚ್ಚಿದರಂತೆ. ಅಂದರೆ ಆಗುತ್ತದೆ, ನಾಲ್ಕು ದಿನ ಹೆಚ್ಚು, ಅಷ್ಟೇ.

ಫಿಲ್ಟರು ಇಲ್ಲದಿರುವುದರಿಂದ ಜೋಡಣೆ ಸಲೀಸು. ಪ್ರತಿ ಮಗುವಿಗೆ ಕಾಲು ಗಂಟೆ ಉಳಿಯುತ್ತದೆ. ಇವತ್ತು ನಾಲ್ಕೂವರೆಗೇ ಮನೆಗೆ ಬಂದೆ. ಸಂಜೆ ವಾರ್ಡಿಗೆ ಹೋಗುವುದೂ ಇಲ್ಲ ಈಗ. ಹೇಗಿದ್ದರೂ ಅದು ನನ್ನ ಕೆಲಸವಲ್ಲ.

ಆ ದಿನದ್ದನ್ನು ಮತ್ತೆ ಮತ್ತೆ ನೆನಪಿಸಿಕೊಂಡರೆ ಯಾಕೋ ಅಷ್ಟು ಖಚಿತವಿಲ್ಲ. ಪಟ್ಟಿಯಲ್ಲಿ ನೂರ ಇಪ್ಪತ್ತು ಇತ್ತು ನಿಜ. ಪಂಪನ್ನೂ ಅಷ್ಟಕ್ಕೇ ಇಟ್ಟಿದ್ದೆನೇ? ಕೈ ತಾನಾಗಿಯೇ ಐವತ್ತಕ್ಕೆ ಹೋಗಿರಬಹುದು. ಹದಿನಾರು ವರ್ಷದ ಕೈ. ಫೈಲಿನಲ್ಲಿಯೂ ಐವತ್ತು ಎಂದೇ ಇದೆ. ಬಾಯಲ್ಲಿ ನೀರಿದ್ದದ್ದಂತೂ ನಿದ್ದೆಯಮ್ಮ ಕಣ್ಣಾರೆ ಕಂಡದ್ದು.

ಹನ್ನೆರಡನೇ ಹಾಸಿಗೆ ಇನ್ನೂ ಹಾಗೇ ಇದೆಯಂತೆ. ಮೂಗಿನ ಕೊಳವೆಯಲ್ಲಿ ಹಾಲು. ಬೆಳಕಿಗೆ ಕಣ್ಣು ತಿರುಗಿಸುವುದಿಲ್ಲ.

ಮಾರ್ಚ್ 31, ಸೋಮವಾರ

ಊಟ ಮಾಡುವಾಗ ಅಣ್ಣನನ್ನು ಕೇಳಿದೆ. ಸುಮ್ಮನೆ ಕೇಳಿದ ಹಾಗೆ. "ಅಚ್ಚಾಗಿ ಹೋದ ಮೇಲೆ ತಪ್ಪು ಕಂಡ್ರೆ ಏನ್ ಮಾಡ್ತಿದ್ರಿ ನೀವು?"

"ಮಾರನೇ ದಿನ ತಿದ್ದುಪಡಿ ಹಾಕ್ತಿದ್ವಿ. ಒಳಪುಟದಲ್ಲಿ, ಮೂಲೇಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ."

"ಯಾರಾದ್ರೂ ಓದ್ತಿದ್ರಾ?"

"ಯಾರ್ ಓದ್ತಾರೆ ಅದನ್ನ? ಒಂದು ಸಲ ಬದುಕಿರೋ ಒಬ್ರನ್ನ ನಿಧನರಾದರು ಅಂತ ಅಚ್ಚು ಹಾಕಿಬಿಟ್ಟಿದ್ವಿ. ತಿದ್ದುಪಡಿ ಹಾಕಿದ ಮೇಲೂ ಅವರ ಮನೆಗೆ ಒಂದು ವಾರ ಜನ ಹೂವು ಹಿಡ್ಕೊಂಡು ಬರ್ತಾನೇ ಇದ್ರು. ಆ ಮನುಷ್ಯನೇ ಬಾಗಿಲು ತೆಗೆಯೋದು!" ಅಣ್ಣ ನಕ್ಕ. ನಾನೂ ನಕ್ಕೆ. ತಿಂಗಳಾಗಿತ್ತು ನಕ್ಕು.

"ಮತ್ಯಾಕೆ ಹಾಕ್ತಿದ್ರಿ?"

ಅವನು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದ. ಮೂವತ್ತೊಂದು ವರ್ಷ ಕರಡು ನೋಡಿದ ಕಣ್ಣು. "ಹಾಕದೆ ಇದ್ರೆ ನನಗೆ ಊಟ ಸೇರ್ತಿರಲಿಲ್ಲ ಕಣೇ. ನಿನಗೆ ಒಂದು ತಿಂಗಳಿಂದ ಸೇರ್ತಿಲ್ವಲ್ಲ, ಹಾಗೆ."

ನಾನು ಎದ್ದು ಕೈ ತೊಳೆಯಲು ಹೋದೆ.

ಪಂಪು ನೂರ ಇಪ್ಪತ್ತಕ್ಕೇ ಇತ್ತು. ಇಲ್ಲೇ, ಈ ಪುಸ್ತಕದಲ್ಲೇ ಬರೆದಿದ್ದೇನೆ. ಹಿಂದಿನ ಪುಟ ತಿರುಗಿಸಿ ನೋಡಿದೆ. ತಾಳೆ ನೋಡಿದೆ, ಎರಡೂ ಒಂದೇ ಎಂದು.

ಬುಧವಾರ ತಾಯಿ ಮಗುವನ್ನು ಮನೆಗೆ ಕಳಿಸುತ್ತಾರಂತೆ. ಹೇಳಿಬಿಡುತ್ತೇನೆ.

ಏಪ್ರಿಲ್ 2, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಹನ್ನೊಂದು ಗಂಟೆಗೆ ವಾರ್ಡಿಗೆ ಹೋದೆ. ಅವಳು ಗಂಟು ಕಟ್ಟುತ್ತಿದ್ದಳು. ಎರಡು ಟವೆಲು, ಹಾಲಿನ ಡಬ್ಬಿ, ಮೂಗಿನ ಕೊಳವೆಗೆ ಬೇಕಾದ ಸಾಮಾನು, ಔಷಧಿಯ ಚೀಟಿ. ಗಂಡ ಗಾಡಿ ತರಲು ಹೋಗಿದ್ದ. ಮುನಿಸಪ್ಪ ಹಾಸಿಗೆಯಲ್ಲಿ ಮಲಗಿದ್ದ. ಮೈತುಂಬಿಕೊಂಡಿದ್ದಾನೆ, ತುಟಿ ಕೆಂಪಗಾಗಿದೆ, ಎದೆಯ ಗಾಯ ಗೆರೆಯಷ್ಟು ತೆಳ್ಳಗೆ ಮಾಗಿದೆ. ಹುಬ್ಬಿನಲ್ಲಿ ಗಂಟೇ ಇಲ್ಲ. ಯಾರ ಮೇಲೂ ದೂರಿಲ್ಲದ ಮುಖ. ಅದನ್ನು ನೋಡಲಾಗದೆ ಹಾಸಿಗೆಯ ಕಂಬಿ ನೋಡುತ್ತಾ ನಿಂತೆ.

"ಕೂತ್ಕೊಳಮ್ಮಾ. ಒಂದು ಮಾತು ಹೇಳ್ಬೇಕು" ಎಂದೆ.

ಕೂತಳು. ನಾನು ಹೇಳಿದೆ. ನೀನು ಕೊಟ್ಟ ನೀರಿನಿಂದ ಏನೂ ಆಗಿಲ್ಲ. ಎರಡು ಚಮಚ ನೀರಿನಿಂದ ಯಾವ ಮಗುವಿಗೂ ಹೀಗೆ ಆಗುವುದಿಲ್ಲ. ತಪ್ಪು ನನ್ನದು. ಬೇರೆ ಮಗುವಿನ ವೇಗವನ್ನು ಇವನಿಗೆ ಇಟ್ಟೆ. ಇವನ ತಲೆಗೆ ಹೋಗಬೇಕಾದ ರಕ್ತವನ್ನು ನಾನು ಎಳೆದುಕೊಂಡೆ. ಸಣ್ಣ ಸಣ್ಣ ಮಾತಿನಲ್ಲಿ, ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಮನೆಯಲ್ಲಿ ಎರಡು ಸಲ ಕನ್ನಡಿ ಮುಂದೆ ನಿಂತು ಹೇಳಿಕೊಂಡು ಬಂದಿದ್ದೆ.

ಅವಳು ಪೂರ್ತಿ ಕೇಳಿದಳು. ಕೂಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೇ ಹತ್ತಿರ ನಿಂತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ನೀವು ಒಳ್ಳೆಯೋರು ಮೇಡಂ" ಎಂದಳು. "ನನ್ನ ಸಮಾಧಾನಕ್ಕೆ ಇಷ್ಟೆಲ್ಲಾ ಹೇಳ್ತಿದ್ದೀರಿ. ನಿದ್ದೆ ಡಾಕ್ಟರಮ್ಮಾನೂ ಹೇಳಿದ್ರು, ಇದು ಯಾರ ತಪ್ಪೂ ಅಲ್ಲ ಅಂತ. ನರ್ಸಮ್ಮನೂ ಅಂದ್ರು. ನೀವು ಮಾತ್ರ ನಿಮ್ಮ ಮೇಲೇ ಹಾಕ್ಕೊಂಡ್ರಿ. ಯಾರು ಹೀಗೆ ಮಾಡ್ತಾರೆ?"

"ಸಮಾಧಾನಕ್ಕಲ್ಲಮ್ಮಾ. ನಿಜ ಹೇಳ್ತಿದ್ದೀನಿ."

"ನಾನು ಫೈಲ್ ಓದಿಸಿದೀನಿ ಮೇಡಂ. ನಮ್ಮವರ ತಮ್ಮ ಓದಿದೋನು. ಎಲ್ಲಾ ಸರಿಯಾಗಿದೆಯಂತೆ. ಬಾಯಲ್ಲಿ ನೀರಿತ್ತು ಅಂತ ಮಾತ್ರ ಬರೆದಿದ್ದಾರಂತೆ."

"ಫೈಲಲ್ಲಿರೋದು ಸುಳ್ಳು. ನಾನೇ ಬರೆದಿದ್ದು. ನಿನ್ನ ಗಂಡ ಬರಲಿ, ಅವರಿಗೂ ಹೇಳ್ತೀನಿ."

ಆಗ ಅವಳು ಹೆದರಿದಳು. ಕೈ ಗಟ್ಟಿಯಾಗಿ ಹಿಡಿದಳು. "ಬೇಡ ಮೇಡಂ, ದಮ್ಮಯ್ಯ. ಅವರು ಮೊನ್ನೆಯಿಂದ ಮಾತಾಡ್ತಿದ್ದಾರೆ. ನಾನು ತಪ್ಪಾಯ್ತು, ಬುದ್ಧಿ ಇಲ್ಲದೆ ಮಾಡಿದೆ ಅಂತ ಅತ್ತೆ ಮುಂದೆ ಒಪ್ಪಿಕೊಂಡ ಮೇಲೆ ಸ್ವಲ್ಪ ಕರಗಿದ್ದಾರೆ. ಈಗ ನೀವು ಬಂದು ಹೀಗಂದ್ರೆ, ನಾನೇ ನಿಮ್ಮ ಕಾಲು ಹಿಡಿದು ಹೇಳಿಸ್ದೆ ಅಂದ್ಕೊಳ್ತಾರೆ. ಇವನನ್ನ ಎತ್ತಿಕೊಂಡು ನಾನು ಎಲ್ಲಿಗೆ ಹೋಗಲಿ?"

ಗಾಡಿ ಬಂತೆಂದು ಗಂಡ ಬಾಗಿಲಲ್ಲಿ ನಿಂತು ಕರೆದ. ನನ್ನನ್ನು ನೋಡಿ ತಲೆ ಬಗ್ಗಿಸಿದ. ನಾನು ಬಾಯಿ ತೆರೆದೆ. ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅವನು ಗಂಟು ಎತ್ತಿಕೊಂಡ, ಅವಳು ಮಗುವನ್ನು ಎತ್ತಿಕೊಂಡಳು. ತಲೆ ನಿಲ್ಲುವುದಿಲ್ಲ ಅವನಿಗೆ, ಅಂಗೈ ಕೊಟ್ಟು ಹಿಡಿದಿದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಗಂಡನಿಗೆ ಕೇಳದ ಹಾಗೆ ಹೇಳಿದಳು: "ಬೇರೆ ತಾಯಂದಿರಿಗೆ ನನ್ನ ವಿಷಯ ಹೇಳಿ ಮೇಡಂ. ಎಷ್ಟು ಅತ್ರೂ ನೀರು ಕೊಡಬಾರದು ಅಂತ. ಇನ್ನೊಬ್ರಿಗೆ ಹೀಗಾಗಬಾರದು."

ಏಪ್ರಿಲ್ 3, ಗುರುವಾರ

ಅತ್ತುಬಿಟ್ಟೆ. ಅಣ್ಣ ಪಕ್ಕದಲ್ಲಿ ಕೂತಿದ್ದ.

ಏಪ್ರಿಲ್ 10, ಗುರುವಾರ

ಎರಡು ಮಕ್ಕಳು. ಎರಡೂ ಬೇಗ ಮುಗಿದವು. ಬರೆಯುವಂಥದ್ದೇನಿಲ್ಲ, ಆದರೂ ಬೆಳಿಗ್ಗೆ ನಡೆದದ್ದು ಬರೆದುಬಿಡುತ್ತೇನೆ.

ಮೊದಲ ಕೇಸಿಗೆ ಕಾಯುತ್ತಾ ಬಾಗಿಲ ಬಳಿ ನಿಂತಿದ್ದೆ. ನರ್ಸಮ್ಮ ಮುಂದಿನ ವಾರದ ಮಕ್ಕಳ ತಾಯಂದಿರನ್ನು ಕೂರಿಸಿಕೊಂಡು ಏನೇನು ಮಾಡಬೇಕು, ಏನೇನು ಕೂಡದು ಎಂದು ಹೇಳುತ್ತಿದ್ದಳು. "ಹೇಳಿದ ಹೊತ್ತಿನ ಮೇಲೆ ಒಂದು ತೊಟ್ಟೂ ಕೊಡಬಾರದು. ಹೋದ ತಿಂಗಳು ಒಬ್ಬಳು ಮಗು ಅಳುತ್ತೆ ಅಂತ ಕದ್ದು ಎರಡು ಚಮಚ ನೀರು ಕೊಟ್ಲು. ಆಪರೇಷನ್ ಚೆನ್ನಾಗೇ ಆಯ್ತು, ಹೃದಯ ಗಟ್ಟಿ. ಆದ್ರೆ ಮಗು ಈಗ ಅಮ್ಮ ಯಾರು ಅಂತ ಗುರುತಿಸಲ್ಲ."

ಹೆಂಗಸರೆಲ್ಲ ತಮ್ಮ ತಮ್ಮ ಮಕ್ಕಳನ್ನು ಅಪ್ಪಿಕೊಂಡರು. ಬಾಗಿಲಿಗೆ ಹತ್ತಿರ ಕೂತಿದ್ದವಳು, ಬೆಳಗ್ಗಿನಿಂದ ಅಳುತ್ತಿದ್ದ ಮಗುವನ್ನು ತಟ್ಟುತ್ತಾ, ನಂಬಲಾರದೆ ನನ್ನ ಕಡೆ ತಿರುಗಿದಳು.

"ಹೌದಾ ಮೇಡಂ? ಬರೀ ಎರಡು ಚಮಚ ನೀರಿಗೆ ಹಾಗಾಯ್ತಾ?"

"ಹೌದಮ್ಮಾ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಕರೆದರು. ಆರು ಕಿಲೋ ಇನ್ನೂರು, ಹೆಣ್ಣು.